ಏಳದ ಯಂತ್ರ, ಉಳಿಯಬೇಕಾದ ಬರಹ

ದೇವರಾಯನದುರ್ಗದ ಬೆಟ್ಟಕ್ಕೆ ಸಮೀಪದ ಊರ್ಡಿಗೆರೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಇದ್ದಾರೆಂದು ಭಾವಿಸಬಹುದು. ಜಯಮಂಗಲಿಯ ಉಗಮ, ಬೆಟ್ಟದ ನರಸಿಂಹನ ಜಾತ್ರೆ, ಸುತ್ತಣ ಹಳ್ಳಿಗಳ ಐತಿಹ್ಯ, ಇವನ್ನೆಲ್ಲ ಹತ್ತು ವರ್ಷ ಕುಳಿತು ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ್ದಾರೆ. ಕಂಪ್ಯೂಟರು 2008ರಲ್ಲಿ ಕೊಂಡದ್ದು. ಕೋರ್ 2 ಡ್ಯುಯೋ ಪ್ರೊಸೆಸರ್, ಅನಂತರ ಹಾಕಿಸಿದ ವಿಂಡೋಸ್ 7. ಬರಹಕ್ಕೆ ಎರಡನೆಯ ಪ್ರತಿಯಿಲ್ಲ.

ರಜೆಗೆ ಬಂದ ಮೊಮ್ಮಗ, “ತಾತಾ, ಇದಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿತು. ಹೊಸದು ಹಾಕಿಕೊಡುತ್ತೇನೆ” ಎಂದು ತಂತಿಗಳನ್ನು ಕಿತ್ತು, ಧೂಳೊರೆಸಿ, ಮತ್ತೆ ಜೋಡಿಸಿ, ವಿಂಡೋಸ್ 11 ತುಂಬಿದ ಪೆನ್‌ಡ್ರೈವ್ ಸಿಕ್ಕಿಸುತ್ತಾನೆ. ಚಿಹ್ನೆ ಮೂಡುತ್ತದೆ, ಯಂತ್ರ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ, ಹತ್ತು ಸಲವೂ ಅದೇ ಕಥೆ. ಪೆನ್‌ಡ್ರೈವ್ ತೆಗೆದರೆ ಹಳೆಯ ವ್ಯವಸ್ಥೆಯೂ ಏಳದು. ನೀಲಿ ಪರದೆಯೊಂದು ಮಿಂಚಿ ಮಾಯವಾಗುತ್ತದೆ. “ಡಿಸ್ಕ್ ಹೋಗಿದೆ, ಎಲ್ಲ ಅಳಿಸಿ ನೋಡಬೇಕು” ಎಂಬ ಮಾತು ಆಗ ಹೊರಡುವುದು ಸಹಜ. ತಾತನ ಹತ್ತು ವರ್ಷ ನಿಜವಾಗಿ ಹೋಗುವುದು ಆ ಮಾತಿನಂತೆ ನಡೆದರೆ!

ಇಲ್ಲಿರುವುದು ಎರಡು ಬೇರೆ ಬೇರೆ ರೋಗಗಳು. 2024ರ ಅಕ್ಟೋಬರ್‌ನಲ್ಲಿ ಹೊರಟ ವಿಂಡೋಸ್ 11ರ 24ಎಚ್2 ಆವೃತ್ತಿ, ಪ್ರೊಸೆಸರ್‌ಗೆ ‘ಪಾಪ್‌ಕೌಂಟ್’ ಎಂಬ ಆಜ್ಞೆ ತಿಳಿದಿರಲೇಬೇಕೆನ್ನುತ್ತದೆ. ಸಂಖ್ಯೆಯೊಂದರಲ್ಲಿ ಎಷ್ಟು ಒಂದುಗಳಿವೆಯೆಂದು ಎಣಿಸುವ ಆಜ್ಞೆ ಅದು. ಇಂಟೆಲ್ ಅದನ್ನು ಕಲಿಸಿದ್ದು 2008ರ ಕೊನೆಯ ನೆಹಾಲೆಮ್ ಪೀಳಿಗೆಗೆ. ಕೋರ್ 2 ಡ್ಯುಯೋಗೆ ಅದು ಬಾರದು. ಇದಕ್ಕೆ ಮದ್ದಿಲ್ಲ.

ಎರಡನೆಯದಕ್ಕೆ ಉಂಟು. ಯಂತ್ರದೊಳಗೆ ನಾಣ್ಯದಷ್ಟಗಲದ 3 ವೋಲ್ಟಿನ ಸೆಲ್ ಇರುತ್ತದೆ, ಸಿಆರ್2032. ಅದು ಎಂದೋ ಸತ್ತಿದ್ದರೂ ಗೋಡೆಯ ವಿದ್ಯುತ್ತು ಇದ್ದಷ್ಟು ಕಾಲ ಗುಟ್ಟು ಹೊರಬೀಳದು. ತಂತಿ ಕಿತ್ತೊಡನೆ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಓಡುತ್ತದೆ. ಅದರೊಡನೆ ಡಿಸ್ಕಿನ ಹೊಂದಾಣಿಕೆಯೂ ಎಎಚ್‌ಸಿಐ ಬಿಟ್ಟು ಐಡಿಇಗೆ ಮರಳಿದರೆ, ವಿಂಡೋಸ್ 7 ತನ್ನ ಡಿಸ್ಕನ್ನೇ ಗುರುತಿಸದು. ಹೊಸ ಸೆಲ್ ಹಾಕಿ, ಬಯೋಸ್‌ನಲ್ಲಿ ದಿನಾಂಕವನ್ನೂ ಹೊಂದಾಣಿಕೆಯನ್ನೂ ಸರಿಪಡಿಸಿದರೆ ಬಹುಮಟ್ಟಿಗೆ ಎದ್ದು ಕೂರುತ್ತದೆ. ಏಳದಿದ್ದರೆ ಪೆನ್‌ಡ್ರೈವ್‌ನಿಂದಲೇ ನಡೆಯುವ ಲಿನಕ್ಸ್ ಹಚ್ಚಿ, ಡಿಸ್ಕಿಗೆ ಏನನ್ನೂ ಹಾಕದೆ ಕಡತಗಳನ್ನು ಹೊರತೆಗೆಯಬಹುದು. ಪ್ರತಿಯಾಗುವವರೆಗೆ ‘ಫಾರ್ಮ್ಯಾಟ್’ ಎಂಬಲ್ಲಿ ಬೆರಳು ಹೋಗಕೂಡದು.

ಹೊಸ ಯಂತ್ರದಲ್ಲಿ ತೆರೆದಾಗ ಜಯಮಂಗಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಂಡರೆ ಗಾಬರಿ ಬೇಡ. ಹಳೆಯ ನುಡಿ ಅಕ್ಷರಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕಷ್ಟೆ. ಒತ್ತಕ್ಷರಗಳು ಅಲ್ಲಲ್ಲಿ ಕೆಡುವುದುಂಟು. ಮೊಮ್ಮಗನ ಉಳಿದ ರಜೆಗೆ ಅದೇ ಕೆಲಸ, ತಾತ ಪಕ್ಕದಲ್ಲಿ ಕುಳಿತು ಓದಿಸುತ್ತಾರೆ.