ಪೆಟ್ಟಿಗೆಯಲ್ಲಿ ಬಂದ ಹಸಿರುಮನೆ

ಲಾಲ್‌ಬಾಗಿನ ಗಾಜಿನ ಮನೆಯನ್ನು ನೋಡದ ಬೆಂಗಳೂರಿಗರು ವಿರಳ. ಜನವರಿಯಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ಮಕ್ಕಳ ಕೈ ಹಿಡಿದುಕೊಂಡು ಅದರೊಳಗೆ ಒಂದು ಸುತ್ತು ಬಂದವರೇ ಬಹುಮಂದಿ. ಆದರೆ ಆ ಭವ್ಯಮಂದಿರವು ಬಿಡಿಬಿಡಿಯಾಗಿ ಬಂದು ಇಲ್ಲಿ ಜೋಡಣೆಗೊಂಡಿತೆಂಬ ಸಂಗತಿಯನ್ನು ನೆನೆಯುವವರು ಕಡಮೆ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಸ್ತಿಭಾರವಿಟ್ಟ ಆ ಕಟ್ಟಡದ ಕಬ್ಬಿಣದ ಕಂಬ ಕಮಾನುಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಎರಕಗೊಂಡು ಹಡಗೇರಿ ಬಂದವು. ತೋಟದ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮೆರಾನ್ ಅವರ ಕಾಲದಲ್ಲಿ ಅವುಗಳನ್ನು ಒಂದಕ್ಕೊಂದು ಕೂಡಿಸಿ ನಿಲ್ಲಿಸಿದರು. ಅದಕ್ಕೆ ಮೇಲ್ಪಂಕ್ತಿ ಲಂಡನ್ನಿನ ಸ್ಫಟಿಕ ಅರಮನೆ. 1851ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಕಟ್ಟಿಸಿದ, ಅನಂತರ ಕಳಚಿ ಬೇರೊಂದೆಡೆ ಮರಳಿ ನಿಲ್ಲಿಸಿದ ಗಾಜಿನ ಮಹಲು. ಆ ಮೂಲ ಅರಮನೆ 1936ರಲ್ಲಿ, ಅದೂ ನವೆಂಬರ್ 30ರಂದೇ, ಬೆಂಕಿಗೆ ಆಹುತಿಯಾಯಿತು. ನಮ್ಮ ಊರಿನದು ಇಂದಿಗೂ ನಿಂತಿದೆ.

ಈ ಹಳೆಯ ಕಥೆಯನ್ನು ಎತ್ತಿದ್ದಕ್ಕೆ ಕಾರಣವಿಲ್ಲದಿಲ್ಲ. ಲಾಲ್‌ಬಾಗಿನ ಆ ಮನೆಗೆ ಮೇಲೆ ಗಾಜಿನ ಸೂರುಂಟು. ಕೆಳಗೆ, ಜನ ಓಡಾಡುವ ಎತ್ತರದಲ್ಲಿ, ಪಾರ್ಶ್ವಗಳು ತೆರೆದಿವೆ. ಇಂಗ್ಲೆಂಡಿನ ತೋಟಗಾರನು ಗಾಜಿನ ಮನೆ ಕಟ್ಟಿದ್ದು ಹಿಮವನ್ನು ಹೊರಗಿಟ್ಟು ಇದ್ದಷ್ಟು ಬಿಸಿಲನ್ನು ಒಳಗೆ ಕೂಡಿಹಾಕುವುದಕ್ಕೆ. ಬೆಂಗಳೂರಿನ ಕಟ್ಟಡದಲ್ಲಿ ಗಾಳಿಗೆ ದಾರಿಯಿದೆ. ಇಂದು ರಟ್ಟಿನ ಪೆಟ್ಟಿಗೆಯಲ್ಲಿ ಮಡಚಿಕೊಂಡು ಮನೆಬಾಗಿಲಿಗೆ ಬರುವ ಹಸಿರುಮನೆಗಳಲ್ಲಿ ಬಹುಪಾಲು ಈ ಒಂದು ಮಾತನ್ನು ಮರೆತಿವೆ.

ಸುಬ್ರಹ್ಮಣ್ಯಪುರದ ಮನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಹೆಸರಿನ ಅಗತ್ಯವಿಲ್ಲ, ಅಂಥವು ಅಲ್ಲಿ ಬೀದಿಗೆ ನಾಲ್ಕು ಸಿಕ್ಕಾವು. ಮೂವತ್ತು ನಲವತ್ತರ ನಿವೇಶನ. ಉತ್ತರಹಳ್ಳಿಯ ಕಡೆಯ ಹೊಲತೋಟಗಳೆಲ್ಲ ಬಡಾವಣೆಗಳಾದ ಮೇಲೆ ಉಳಿದುಕೊಂಡ ಹತ್ತಡಿ ಅಗಲದ ಹಿತ್ತಿಲು. ಯಜಮಾನರು ಬ್ಯಾಂಕಿನಿಂದ ನಿವೃತ್ತರು. ಕೈಯಲ್ಲಿ ವೇಳೆಯೂ ಒಂದಿಷ್ಟು ಹಣವೂ ಇದೆ. ಯಜಮಾನತಿಯ ತವರು ತೀರ್ಥಹಳ್ಳಿಯ ಕಡೆ. ಮಳೆಗಾಲದಲ್ಲಿ ಮುರಿದುಬಿದ್ದ ಹಲಸಿನ ಕೊಂಬೆಯೊಂದಿಗೆ ಬಂದ ಸೀತಾಳೆ ಗಿಡವೊಂದನ್ನು ಆಕೆ ಹಲವು ವರ್ಷಗಳಿಂದ ಹಿತ್ತಿಲಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ತವರಿನ ಮನೆ ಮಾರಿಹೋಗಿದೆ, ಆ ಹಲಸೂ ಇಲ್ಲ. ಉಳಿದಿರುವುದು ಆ ಕೊಂಬೆ. ಮುಂಗಾರಿನ ಆಸುಪಾಸಿನಲ್ಲಿ ನರಿಬಾಲದಂತೆ ಇಳಿಬೀಳುವ ಅದರ ಹೂಗೊಂಚಲು ಎರಡು ಬೇಸಗೆಗಳಿಂದ ಕಾಣಿಸಿಲ್ಲ. ಎಲೆಗಳು ತುದಿಯಿಂದ ಒಣಗುತ್ತ ಬಂದಿವೆ. ಇದಕ್ಕೆ ಪರಿಹಾರವೆಂದು ಯಜಮಾನರು ಆರಡಿ ಅಗಲ, ಎಂಟಡಿ ಉದ್ದದ ಹಸಿರುಮನೆಯೊಂದನ್ನು ತರಿಸುತ್ತಾರೆ. ನಾಲ್ಕು ಕಡೆಯೂ ಪ್ಲಾಸ್ಟಿಕ್ ಹಾಳೆ, ಸುತ್ತಿ ಮೇಲೆತ್ತುವ ಒಂದು ಬಾಗಿಲು, ಅಂಗೈಯಗಲದ ಎರಡು ಕಿಟಕಿ.

“ಏನೂಂದ್ರೆ, ಮಧ್ಯಾಹ್ನ ಹನ್ನೆರಡಕ್ಕೆ ಇದರೊಳಗೆ ಕೂತು ನೀವೊಂದು ಲೋಟ ಕಾಫಿ ಕುಡಿದು ಬನ್ನಿ. ಆಮೇಲೆ ನನ್ನ ಸೀತಾಳೆಯನ್ನು ಒಳಗಿಡುವ ಮಾತು” ಎಂದು ಆಕೆ ಹೇಳಿದರೆ ಅದು ಹಾಸ್ಯವಲ್ಲ, ಪರೀಕ್ಷೆ. ಹಸಿರುಮನೆ ಕೊಳ್ಳುವವರಿಗೆ ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ಬಿಸಿಲು ಹಾಳೆಯ ಮೂಲಕ ಒಳನುಗ್ಗಿ ಮಣ್ಣನ್ನೂ ಎಲೆಗಳನ್ನೂ ಕಾಯಿಸುತ್ತದೆ. ಅವುಗಳಿಂದ ಗಾಳಿ ಕಾಯುತ್ತದೆ. ಹೊರಗಿದ್ದರೆ ಕಾದ ಗಾಳಿ ಮೇಲೇರಿ ಹೋಗುತ್ತಿತ್ತು, ತಂಪುಗಾಳಿ ಆ ಜಾಗಕ್ಕೆ ಬರುತ್ತಿತ್ತು. ಒಳಗೆ ಅದಕ್ಕೆ ಹಾದಿಯಿಲ್ಲ. ಶೀತದೇಶಗಳಲ್ಲಿ ಇದೇ ವರ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಚಳಿಯೆಂದರೆ ಎಷ್ಟು? ಈ ನಗರದ ದಾಖಲೆಯಲ್ಲಿ ಅತ್ಯಂತ ಕಡಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿಯ ಮಾತು. ಸಾಧಾರಣವಾಗಿ ಜನವರಿಯ ರಾತ್ರಿಗಳು 15-16 ಡಿಗ್ರಿಯ ಸುಮಾರಿನಲ್ಲಿರುತ್ತವೆ. ಅಷ್ಟು ಚಳಿಗೆ ಟೊಮೇಟೊ ಸಾಯುವುದಿಲ್ಲ, ಮೆಣಸಿನಗಿಡ ಬೆಳವಣಿಗೆಯನ್ನು ತುಸು ನಿಧಾನಿಸೀತು. ಬೇಸಗೆಯ ಲೆಕ್ಕವೇ ಬೇರೆ: 2016ರ ಏಪ್ರಿಲಿನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಯಿತು. 35 ಡಿಗ್ರಿ ದಾಟಿದರೆ ಟೊಮೇಟೊ ಹೂಗಳ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ಹೊರಗೇ ಹೀಗಿರುವಾಗ ಮುಚ್ಚಿದ ಹಾಳೆಯೊಳಗಿನ ಗಿಡದ ಪಾಡು ಹೇಳತಕ್ಕದ್ದೇನು?

ಹಾಗಾದರೆ ಬೆಂಗಳೂರಿಗೆ ಹಸಿರುಮನೆ ಬೇಡವೆ? ಬೇಕು, ಆದರೆ ಯಾವುದರಿಂದ ಗಿಡಕ್ಕೆ ರಕ್ಷಣೆ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಫೆಬ್ರವರಿಯಿಂದ ಮೇ ತಿಂಗಳವರೆಗಿನ ಬಿಸಿಲು, ಸೆಪ್ಟೆಂಬರ್ ಅಕ್ಟೋಬರುಗಳ ಬಡಿತದ ಮಳೆ, ಮತ್ತು ಹುಳು ಹಕ್ಕಿ ಅಳಿಲುಗಳ ಕಾಟ, ಇವೇ ಇಲ್ಲಿನ ಶತ್ರುಗಳು. ಚಳಿ ಈ ಪಟ್ಟಿಯಲ್ಲೇ ಇಲ್ಲ. ಅವರೆ, ಹೀರೆ, ಪಡವಲಗಳ ಬಳ್ಳಿಗೆ ಚಪ್ಪರ ಹಾಕಿದ, ಎಳೆಯ ಸಸಿಗೆ ತೆಂಗಿನ ಗರಿ ಮುಚ್ಚಿದ ಹಿಂದಿನವರಿಗೆ ಇದು ಗೊತ್ತಿತ್ತು. ವೀಳ್ಯದೆಲೆಯ ತೋಟದಲ್ಲಿ ಅಗಸೆ ಮರಗಳನ್ನು ಬೆಳೆಸಿ ಅವುಗಳ ಜಾಳುನೆರಳಿನಲ್ಲಿ ಬಳ್ಳಿ ಹಬ್ಬಿಸುವ ರೈತನು ಹಸಿರುಮನೆಯ ಹೆಸರನ್ನು ಕೇಳಿರಬೇಕಾದ್ದಿಲ್ಲ. ಅವನ ತೋಟವೇ ಒಂದು ಹಸಿರುಮನೆ. ಇಂದು ಅಂಗಡಿಯಲ್ಲಿ ಶೇಡ್ ನೆಟ್ ಎಂದು ಕೇಳಿ ತರುವ ಹಸಿರುಬಲೆ ಆ ತೆಂಗಿನ ಗರಿಯ ವಂಶಸ್ಥನೇ ಸರಿ.

ಈ ಬಲೆಯನ್ನು ನೂರಕ್ಕೆ ಇಷ್ಟು ನೆರಳು ಎಂಬ ಲೆಕ್ಕದಲ್ಲಿ ಮಾರುತ್ತಾರೆ. ಟೊಮೇಟೊ, ಮೆಣಸಿನಕಾಯಿ ಮುಂತಾದ ಕಾಯಿಗಿಡಗಳಿಗೆ 35ರ ಬಲೆ, ಸೊಪ್ಪಿಗೂ ಎಳೆಯ ಸಸಿಗಳಿಗೂ 50ರದು, ಜರೀಗಿಡ ಆಂಥೂರಿಯಂಗಳಿಗೆ 75ರದು. ಅಂಗಡಿಯವನು ಎಲ್ಲದಕ್ಕೂ 75ರದೇ ಲೇಸೆಂದರೆ ಕೇಳಬಾರದು. ಆ ನೆರಳಿನಲ್ಲಿ ಬೆಳೆದ ಟೊಮೇಟೊ ಗಿಡ ಮಾರುದ್ದ ಎತ್ತರವಾಗಿ ಹೂವಿಲ್ಲದೆ ನಿಂತೀತು. ಮಳೆಯ ತಡೆಗೆ ಬಲೆ ಸಾಲದು. ಅದಕ್ಕೆ ಸೂರಿನ ಮೇಲೆ ಮಾತ್ರ, ಬಿಸಿಲಿನ ಅತಿನೇರಿಳೆ ಕಿರಣಗಳನ್ನು ತಾಳುವಂತೆ ಸಂಸ್ಕರಿಸಿದ 200 ಮೈಕ್ರಾನ್ ದಪ್ಪದ ಪಾಲಿಥಿನ್ ಹಾಳೆ ಹಾಸಬೇಕು. ನಾಲ್ಕು ಪಾರ್ಶ್ವಗಳಿಗೂ ಬಲೆಯೇ ಇರಲಿ. ಸೂರಿನ ನೆತ್ತಿಯಲ್ಲಿ ಒಂದು ಸೀಳು ಬಿಟ್ಟು, ಅದರ ಮೇಲೆ ಒಂದು ಪಕ್ಕದ ಹಾಳೆಯನ್ನು ಚಾಚಿಸಿದರೆ ಕಾದ ಗಾಳಿ ಹೊರಹೋಗುತ್ತದೆ, ಮಳೆ ಒಳಬರುವುದಿಲ್ಲ. ಮನೆ ಎತ್ತರವಾದಷ್ಟೂ ಈ ಗಾಳಿಯಾಟ ಚುರುಕು. ಆಳೆತ್ತರದ ಗೂಡುಗಳನ್ನು ಬಿಟ್ಟು ಎಂಟೊಂಬತ್ತು ಅಡಿ ಎತ್ತರದ್ದನ್ನು ಆರಿಸುವುದು ಯುಕ್ತ.

ಪೆಟ್ಟಿಗೆಯ ಮಾಲಿನಲ್ಲಿ ಮುಖ್ಯವಾಗಿ ನೋಡತಕ್ಕದ್ದು ಕೊಳವೆ ಮತ್ತು ಮೂಲೆಯ ಕೀಲುಗಳು. ಎರಡು ಕೈಗಳಿಂದ ಹಿಡಿದು ಬಗ್ಗಿಸಿದರೆ ಬಾಗುವ ಕೊಳವೆ ಬಲೆಯ ಬಿಗಿತವನ್ನೂ ತಾಳದು. ಸತುವಿನ ಲೇಪವಿರುವ ಜಿ.ಐ. ಕೊಳವೆ, ಲೋಹದ ಕೀಲು ಇದ್ದರೆ ಸರಿ. ಪ್ಲಾಸ್ಟಿಕ್ ಕೀಲುಗಳು ಬಿಸಿಲಿಗೆ ಒಣಗಿ ಬಿರುಕುಬಿಡುತ್ತವೆ. ಪೆಟ್ಟಿಗೆಯದು ಮನಸ್ಸಿಗೆ ಬಾರದಿದ್ದರೆ ಬೀದಿಯ ಕೊನೆಯ ವೆಲ್ಡಿಂಗ್ ಅಂಗಡಿಯವನಿಂದ ಚೌಕಟ್ಟು ಮಾಡಿಸಿ, ಬಲೆ ಹಾಳೆಗಳನ್ನು ಬೇರೆಯಾಗಿ ತಂದರಾಯಿತು. ಬಹಳ ಸಲ ಅದೇ ಗಟ್ಟಿ.

ಇನ್ನು ಗಾಳಿಯ ವಿಚಾರ. ಇದನ್ನು ಲಘುವಾಗಿ ಎಣಿಸುವಂತಿಲ್ಲ. ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗಿನೊಡನೆ ಬರುವ ಬಿರುಗಾಳಿ ಮರಗಳನ್ನೇ ಉರುಳಿಸುವುದನ್ನು ನಗರದವರೆಲ್ಲ ಕಂಡಿದ್ದಾರೆ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 17 ಕಿಲೋ ತೂಕಕ್ಕೆ ಸಮ. ಆರು ಎಂಟಡಿಯ ಸೂರಿನ ವಿಸ್ತೀರ್ಣ ನಾಲ್ಕೂವರೆ ಚದರ ಮೀಟರಿನಷ್ಟು. ಅಂದರೆ ಸೂರನ್ನು ಮೇಲೆತ್ತುವ ಬಲ 75 ಕಿಲೋ ಮುಟ್ಟಬಹುದು. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು. ಕಟ್ಟಡಗಳ ಲೆಕ್ಕಕ್ಕೆಂದು ಭಾರತೀಯ ಮಾನಕವು ಬೆಂಗಳೂರಿಗೆ ಗೊತ್ತುಮಾಡಿರುವ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ ಹತ್ತಿರ ಹತ್ತಿರ 120 ಕಿಲೋಮೀಟರ್. ಆಗ 300 ಕಿಲೋ! ಇಬ್ಬರು ಸುಲಭವಾಗಿ ಎತ್ತಿಡಬಲ್ಲ ಚೌಕಟ್ಟು ಆ ಬಲಕ್ಕೆ ಗಾಳಿಪಟ. ಅದು ಹಾರಿ ಪಕ್ಕದ ಮನೆಯ ಅಂಗಳದಲ್ಲಿ ಆಡುವ ಮಗುವಿನ ಮೇಲೋ ವಿದ್ಯುತ್ ತಂತಿಯ ಮೇಲೋ ಬಿದ್ದರೆ ಟೊಮೇಟೊ ಹೋದ ದುಃಖವನ್ನು ಯಾರೂ ಕೇಳರು.

ಆದ್ದರಿಂದ ಪೆಟ್ಟಿಗೆಯೊಡನೆ ಬರುವ ಗೇಣುದ್ದದ ಗೂಟಗಳನ್ನು ನಂಬದೆ, ಹಿತ್ತಿಲಲ್ಲಾದರೆ ಪ್ರತಿ ಕಂಬಕ್ಕೂ ಎರಡಡಿ ಆಳದ ಗುಂಡಿ ತೋಡಿ ಕಾಂಕ್ರೀಟು ಹಾಕಿಸಬೇಕು. ತಾರಸಿಯ ಮೇಲಾದರೆ ಸೂರಿಗೆ ತೂತು ಕೊರೆಯಲಾಗದು. ಕೊರೆದರೆ ಮುಂದಿನ ಮಳೆಗೆ ನಡುಮನೆ ಸೋರುವುದು ನಿಶ್ಚಯ. ಕಾಂಕ್ರೀಟು ತುಂಬಿದ ಡಬ್ಬಗಳನ್ನು ಪ್ರತಿ ಕಂಬದ ಬುಡಕ್ಕೂ ಇಟ್ಟು, ಚೌಕಟ್ಟನ್ನು ಗಟ್ಟಿಯಾದ ಕೈಪಿಡಿಗೋಡೆಗೂ ಬಿಗಿಯಬಹುದು. ಅಷ್ಟರಲ್ಲಿ ತಾರಸಿಯ ಭಾರವನ್ನೂ ಲೆಕ್ಕಹಾಕಬೇಕು. ಹತ್ತು ಚದರಡಿಯ ಪಾತಿಗೆ ಒಂದಡಿ ಮಣ್ಣು ತುಂಬಿ ನೀರುಣಿಸಿದರೆ ನಾನೂರೈವತ್ತು ಕಿಲೋಗೂ ಮೇಲಾಗುತ್ತದೆ. ಇಂಜಿನಿಯರನ್ನು ಕೇಳದೆ ಪಾತಿ ಕಟ್ಟುವುದು ಸಾಹಸವಾದೀತು.

ಜೋಡಿಸುವ ಕೆಲಸ ಅಷ್ಟೇನೂ ಕಷ್ಟವಿಲ್ಲ, ಅವಸರವಿಲ್ಲದಿದ್ದರೆ. ತುಂಡುಗಳನ್ನೆಲ್ಲ ಜಮಖಾನದ ಮೇಲೆ ಹರಡಿ ಪಟ್ಟಿಯೊಡನೆ ತಾಳೆನೋಡುವುದು ಮೊದಲ ಕೆಲಸ. ಒಂದು ಕೀಲು ಕಡಮೆಯಿರುವುದು ಸೂರು ಏರಿಸಿದ ಮೇಲೆ ತಿಳಿದರೆ ಪ್ರಯೋಜನವಿಲ್ಲ. ನೆಲ ಮಟ್ಟಮಾಡಿ ತಳದ ಚೌಕ ಹಾಕಿದಾಗ ಮೂಲೆಗಳು ಸರಿಯಿವೆಯೆ ಎಂದು ನೋಡಲು ಮೂಲೆಮಟ್ಟವೂ ಬೇಡ. ಆರಡಿ ಎಂಟಡಿಯ ಮನೆಗೆ ಎದುರುಬದುರು ಮೂಲೆಗಳ ಅಂತರ ಎರಡೂ ಕಡೆ ಕರಾರುವಾಕ್ಕಾಗಿ ಹತ್ತಡಿ ಬರಬೇಕು. ಗಾರೆ ಕೆಲಸದವರು ದಿನವೂ ದಾರ ಹಿಡಿದು ನೋಡುವ ಮೂರು-ನಾಲ್ಕು-ಐದರ ಲೆಕ್ಕವೇ ಇದು. ಬೌಧಾಯನ ಶುಲ್ಬಸೂತ್ರದಲ್ಲಿ ಯಜ್ಞವೇದಿಗೆ ಹೇಳಿರುವುದೂ ಇದನ್ನೇ. ತಿರುಪುಗಳನ್ನು ಮೊದಲು ಸಡಿಲವಾಗಿಯೇ ಕೂರಿಸಿ, ಚೌಕಟ್ಟು ಪೂರ್ತಿ ನಿಂತ ಬಳಿಕ ಒಂದೊಂದಾಗಿ ಬಿಗಿಯಬೇಕು. ಹಾಳೆ ತಗಲುವ ಕೊಳವೆಗಳಿಗೆ ಬಿಳಿಯ ಬಣ್ಣ ಬಳಿಯುವುದನ್ನು ಮರೆಯಬಾರದು. ಕಾದ ಕಬ್ಬಿಣ ತಾಗಿದ ಕಡೆಯಲ್ಲೇ ಹಾಳೆ ಮೊದಲು ಹರಿಯುವುದು. ಹಾಳೆ ಎಳೆಯುವುದಕ್ಕೆ ಗಾಳಿಯಿಲ್ಲದ ಮುಂಜಾನೆ, ತುಸು ಬಿಸಿಲೇರಿದ ಹೊತ್ತು ಪ್ರಶಸ್ತ. ತಂಪಿನಲ್ಲಿ ಎಳೆದ ಹಾಳೆ ಬಿಸಿಲಿಗೆ ಜೋಲುತ್ತದೆ, ಜೋಲಿದಲ್ಲಿ ಮಳೆನೀರು ನಿಲ್ಲುತ್ತದೆ.

ದಿಕ್ಕಿನ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಕಾದ್ದಿಲ್ಲ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಲ್ಲೂ ಆಗಸ್ಟ್ ಮಧ್ಯಭಾಗದಲ್ಲೂ ಸೂರ್ಯ ನೆತ್ತಿಯ ಮೇಲೆಯೇ ಬಂದು, ಮಧ್ಯಾಹ್ನ ಕಂಬಕ್ಕೆ ನೆರಳೇ ಬೀಳದ ದಿನವುಂಟು. ನೆರೆಮನೆಯ ಮೂರನೆಯ ಮಹಡಿ ಎಷ್ಟು ಹೊತ್ತು ಬಿಸಿಲನ್ನು ಮರೆಮಾಡುತ್ತದೆ ಎಂಬುದೇ ಇಲ್ಲಿ ಮುಖ್ಯ. ಮುಂಗಾರಿನ ಗಾಳಿ ಪಶ್ಚಿಮದ ಕಡೆಯಿಂದ ಬೀಸುವುದರಿಂದ ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇದ್ದರೆ ಅನುಕೂಲ.

ಮೇಲೆ ಹೇಳಿದ ಮನೆಯಲ್ಲಿ ಕಾಫಿಯ ಪರೀಕ್ಷೆ ಅರ್ಧ ಲೋಟಕ್ಕೇ ಮುಗಿದೀತು. ಹಣ ನಷ್ಟವಾಗಬೇಕಾದ್ದಿಲ್ಲ, ಚೌಕಟ್ಟು ಗಟ್ಟಿಯಾಗಿದ್ದರೆ ನಾಲ್ಕು ಪಾರ್ಶ್ವದ ಹಾಳೆ ಕತ್ತರಿಸಿ ಬಲೆ ಹೊಲಿದರೆ ಸಾಕು. ಆದರೆ ಸೀತಾಳೆಗೆ ಆ ಸೂರಿನ ಕೆಳಗೂ ಜಾಗ ಬೇಡ. ಮರದ ಮೇಲೆ ಬಾಳುವ ಆ ಗಿಡದ ಬೇರುಗಳಿಗೆ ಮಣ್ಣಿಗಿಂತ ಗಾಳಿ ಮುಖ್ಯ. ಮುಚ್ಚಿದ ತೇವದಲ್ಲಿ ಅವು ಕೊಳೆಯುತ್ತವೆ. ಪೂರ್ವದ ಕಡೆ ಸೂರಿನಿಂದ ಎರಡಡಿ ಮುಂದಕ್ಕೆ 50ರ ಬಲೆಯ ತಡಿಕೆಯೊಂದನ್ನು ಚಾಚಿ, ಅದರಡಿ ಹಲಸಿನ ಕೊಂಬೆಯನ್ನು ತೂಗುಹಾಕಿ, ಬೇಸಗೆಯಲ್ಲಿ ಬೆಳಗ್ಗೆ ನೀರು ಚಿಮುಕಿಸಬೇಕು. ಆ ನೀರು ಕೊಳವೆಬಾವಿಯದಾಗದಿದ್ದರೆ ಒಳ್ಳೆಯದು. ಅದರ ಗಡಸು ಬಿಳಿಯ ಹೊಪ್ಪಳೆಯಾಗಿ ಎಲೆ ಬೇರುಗಳಿಗೆ ಅಂಟುತ್ತದೆ. ಎಲೆಗಳ ತುದಿ ಒಣಗಲು ಅದೂ ಒಂದು ಕಾರಣವಿರಬಹುದು. ನಗರದಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆಯಾಗುವುದರಿಂದ, ಆರು ಎಂಟಡಿಯ ಸೂರಿನ ಮೇಲೆ ಬೀಳುವ ನೀರು ನಾಲ್ಕು ಸಾವಿರ ಲೀಟರಿಗೂ ಮಿಕ್ಕುತ್ತದೆ. ಸೂರಿನ ಅಂಚಿಗೊಂದು ದೋಣಿ, ಅದರ ಬಾಯಿಗೊಂದು ಮುಚ್ಚಳವುಳ್ಳ ಡ್ರಮ್ಮು ಇಟ್ಟರೆ ಸೀತಾಳೆಯ ನೀರಿನ ಚಿಂತೆ ಬಹುಮಟ್ಟಿಗೆ ತೀರಿತು.

ಒಳಗೇನು ಬೆಳೆಯುವುದು? ಟೊಮೇಟೊ, ಮೆಣಸಿನಕಾಯಿ, ಕೊತ್ತಂಬರಿ, ಪಾಲಕ್ ಮೊದಲಿಗೆ ಸಾಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ರಕ್ಷಕ್ ಟೊಮೇಟೊ ಎಲೆಮುದುರು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯಬಲ್ಲ ತಳಿ. ಸಣ್ಣ ಕಣ್ಣಿನ ಬಲೆ ಬಿಳಿನೊಣವನ್ನು ತಡೆಯುವಂತೆ ಜೇನುನೊಣವನ್ನೂ ತಡೆಯುತ್ತದೆ. ಗಾಳಿಯನ್ನೂ ಒಂದಿಷ್ಟು ಕುಗ್ಗಿಸುತ್ತದೆ. ಹೂಬಿಟ್ಟ ಟೊಮೇಟೊ ಗಿಡಗಳನ್ನು ಬೆಳಗ್ಗೆ ಕೈಯಿಂದ ಮೆಲ್ಲಗೆ ಅಲುಗಿಸಿದರೆ ಪರಾಗ ಉದುರಿ ಕಾಯಿ ಕಚ್ಚುತ್ತದೆ. ಹೀರೆ, ಹಾಗಲ, ಸೋರೆಗಳಿಗೆ ಗಂಡುಹೂ ಹೆಣ್ಣುಹೂ ಬೇರೆಬೇರೆ. ಅವು ಹೊರಗಿನ ಚಪ್ಪರದ ಮೇಲೆಯೇ ಇರಲಿ.

ಹೊಸದಾಗಿ ನಿಲ್ಲಿಸುವವರಿಗೆ ನವೆಂಬರ್ ಡಿಸೆಂಬರ್ ಅನುಕೂಲದ ಕಾಲ: ಮಳೆ ಇಳಿದಿರುತ್ತದೆ, ಬಿರುಗಾಳಿ ದೂರವಿರುತ್ತದೆ. ಫೆಬ್ರವರಿಯಲ್ಲಿ ಸೂರಿನ ಹಾಳೆಯ ಕೆಳಗೆ ನೆರಳುಬಲೆ ಎಳೆದು, ಮಳೆ ಹಿಡಿದ ಮೇಲೆ ತೆಗೆದಿಡಬೇಕು. ಹಾಳೆಯ ಧೂಳನ್ನು ವರ್ಷಕ್ಕೆರಡು ಸಲವಾದರೂ ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು. ಒಳ್ಳೆಯ ಹಾಳೆ ಮೂರು ವರ್ಷ ಬಂದೀತು. ಹರಿದದ್ದನ್ನು ಹಿತ್ತಿಲಲ್ಲೇ ಸುಡದೆ ಹಳೆಯ ಪ್ಲಾಸ್ಟಿಕ್ ಕೊಳ್ಳುವವನಿಗೆ ಕೊಟ್ಟು, ಹೊಸದನ್ನು ಏಪ್ರಿಲಿನ ಗಾಳಿಗೆ ಮೊದಲೇ ಹಾಕಿಸುವುದು.