ಮನೆಯ ಬಂಡಿ: ಹಳೆಯ ಕಾರನ್ನು ತಗ್ಗಿಸಬಹುದೆ?

ವಾಚಕ ಮಹಾಶಯರೊಬ್ಬರು ಹೀಗೆ ಕೇಳಿದ್ದಾರೆ: “ನಮ್ಮ ತೀರ್ಥರೂಪರು ಬಿಟ್ಟುಹೋದ ಪ್ರೀಮಿಯರ್ ಪದ್ಮಿನಿ ಕಾರನ್ನು ಎರಡಂಗುಲ ತಗ್ಗಿಸಬೇಕೆಂದು ನನ್ನ ಮಗನು ಹಟ ಹಿಡಿದಿದ್ದಾನೆ. ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸಿದರೆ ಕೆಲಸವಾಯಿತೆಂದು ಮೇಸ್ತ್ರಿಯು ಹೇಳುತ್ತಾನೆ. ಒಪ್ಪಬಹುದೆ?”

ಮಗನ ಆಸೆಯಲ್ಲಿ ತಪ್ಪಿಲ್ಲ. ಮೇಸ್ತ್ರಿಯ ಉಪಾಯವು ಮಾತ್ರ ಸರಿಯಲ್ಲ. ಕಾರಣವನ್ನು ವಿವರಿಸುತ್ತೇವೆ.

ಬಂಡಿಯ ಭಾರಕೇಂದ್ರವು ಕೆಳಕ್ಕಿಳಿದರೆ ತಿರುವುಗಳಲ್ಲಿ ಅದು ವಾಲುವುದು ಸಾಮಾನ್ಯವಾಗಿ ಕಡಮೆಯಾಗುತ್ತದೆ. ಒಂದಂಗುಲದ ಮಹಿಮೆ ಎಷ್ಟೆಂಬುದಕ್ಕೆ ಇಂಗ್ಲೆಂಡಿನ ಎಂ.ಜಿ.ಬಿ. ಕಾರೇ ದೃಷ್ಟಾಂತವು. ಅಮೆರಿಕದ ನಿಯಮಗಳಿಗೆ ಹೊಂದಿಸುವುದಕ್ಕಾಗಿ 1974ರಲ್ಲಿ ಅದನ್ನು ಸುಮಾರು ಒಂದರಿಂದ ಒಂದೂವರೆ ಅಂಗುಲ ಎತ್ತರಿಸಿದರು. ಅಷ್ಟಕ್ಕೇ ಅದರ ತಿರುವಿನ ಸೊಗಸು ಕೆಟ್ಟಿತೆಂಬ ದೂರು ಹುಟ್ಟಿತು. ಅಂಥ ಕಾರುಗಳನ್ನು ಹಳೆಯ ಎತ್ತರಕ್ಕೆ ಇಳಿಸಿಕೊಳ್ಳುವವರು ಇಂದಿಗೂ ಇದ್ದಾರೆ. ಆದುದರಿಂದ ತಗ್ಗಿಸುವುದೆಲ್ಲ ಬರಿಯ ಶೋಕಿಯೆಂದು ತಿಳಿಯಬೇಕಾಗಿಲ್ಲ.

ಆದರೆ ಸ್ಪ್ರಿಂಗು ಬಂಡಿಯನ್ನು ಹೊರುವುದಕ್ಕಾಗಿ ಮಾತ್ರ ಇರುವುದಲ್ಲ. ಗುಂಡಿ, ದಿಣ್ಣೆಗಳ ಪೆಟ್ಟನ್ನು ನುಂಗುವುದೂ ಅದರ ಕೆಲಸವೇ. ಪೆಟ್ಟನ್ನು ನುಂಗಲು ಚಕ್ರಕ್ಕೆ ಮೇಲಕ್ಕೆ ಸರಿಯುವಷ್ಟು ಅವಕಾಶ ಬೇಕು. ಆ ಅವಕಾಶವು ಮೂರಂಗುಲವಿದೆಯೆಂದು ಇಟ್ಟುಕೊಳ್ಳೋಣ. ಬಂಡಿಯನ್ನು ಒಂದಂಗುಲ ತಗ್ಗಿಸಿದರೆ ಎರಡಂಗುಲವೇ ಉಳಿಯಿತು. ಮೊದಲಿನ ಪೆಟ್ಟನ್ನೇ ಈ ಎರಡಂಗುಲದಲ್ಲಿ ನುಂಗಬೇಕಾದರೆ ಸ್ಪ್ರಿಂಗಿನ ಬಿಗುಪು ಎರಡೂಕಾಲು ಪಟ್ಟಾಗಬೇಕು. ಆಗ ಬಂಡಿಯ ಕುಲುಕಾಟವು ಒಂದೂವರೆ ಪಟ್ಟು ಚುರುಕಾಗುತ್ತದೆ. ಅರ್ಧಂಗುಲ ಮಾತ್ರ ತಗ್ಗಿಸಿದರೆ ಒಂದೂವರೆ ಪಟ್ಟಿಗಿಂತ ತುಸು ಕಡಮೆ ಬಿಗುಪು ಸಾಕು. ಬಿಗುಪನ್ನು ಹೆಚ್ಚಿಸದೆ ಗಿಡ್ಡ ಸ್ಪ್ರಿಂಗನ್ನು ಹಾಕಿದರೆ ಅಡಿಭಾಗವು ತಡೆಯ ರಬ್ಬರಿಗೆ ಬಡಿಯುವುದು. ತಿರುವಿನ ನಡುವೆ ಹೀಗೆ ಬಡಿದರೆ ಚಕ್ರದ ಹಿಡಿತವು ತಟಕ್ಕನೆ ತಪ್ಪಬಹುದು. ಮಗನೊಬ್ಬನೇ ಓಡಿಸುವಾಗ ಕಾಣದ ಈ ಅಪಾಯವು, ಮನೆಮಂದಿಯೆಲ್ಲ ಸಾಮಾನು ಸಹಿತ ಊರಿಗೆ ಹೊರಟಾಗ ಎದುರಾಗುತ್ತದೆ.

ಇನ್ನು ಕತ್ತರಿಸುವ ಮಾತು. ಸುರುಳಿಯ ಸುತ್ತುಗಳು ಕಡಮೆಯಾದಷ್ಟೂ ಬಿಗುಪು ಹೆಚ್ಚುವುದು ನಿಜ. ಕೆಲಸಮಾಡುವ ಸುತ್ತುಗಳು ಎಂಟಿದ್ದು ಒಂದನ್ನು ಕತ್ತರಿಸಿದರೆ ಬಿಗುಪು ನೂರಕ್ಕೆ ಸುಮಾರು 14ರಷ್ಟು ಏರುತ್ತದೆ. ಮೇಲೆ ಹೇಳಿದ ಲೆಕ್ಕಕ್ಕೆ ಇದು ಏನೇನೂ ಸಾಲದು. ಇದಲ್ಲದೆ ಸುರುಳಿಯ ತುದಿಯು ಪೀಠದಲ್ಲಿ ಸರಿಯಾಗಿ ಕೂರದೆ ಹೋಗಬಹುದು. ಚಕ್ರವು ಗುಂಡಿಯೊಳಗೆ ಪೂರಾ ಇಳಿದಾಗ ಗಿಡ್ಡ ಸುರುಳಿಯು ಸಡಿಲಗೊಂಡು ಜಾಗ ಬಿಡಬಹುದು. ಬೆಂಕಿಯಿಂದ ಕಾಯಿಸಿ ಕುಗ್ಗಿಸುವುದಂತೂ ಇನ್ನೂ ಕೆಟ್ಟದ್ದು. ಉಕ್ಕಿನ ಹದವು ಒಮ್ಮೆ ಹೋದರೆ ಅದು ಸ್ಪ್ರಿಂಗಾಗಿ ಉಳಿಯುವುದಿಲ್ಲ.

ಹಾಗಾದರೆ ಹೊಸದನ್ನು ಆರಿಸುವುದು ಹೇಗೆ? ಮೊದಲು ಅಳತೆ. ಸಮನೆಲದ ಮೇಲೆ ನಿಲ್ಲಿಸಿ, ನಾಲ್ಕು ಚಕ್ರಗಳಲ್ಲಿಯೂ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನ ವರೆಗೆ ಅಳೆದು ಬರೆದಿಟ್ಟುಕೊಳ್ಳಿರಿ. ಹಳೆಯ ಸ್ಪ್ರಿಂಗುಗಳು ದಣಿದು ಕುಸಿದಿರುತ್ತವೆ. ಎಡಬಲಗಳಲ್ಲಿ ವ್ಯತ್ಯಾಸವೂ ಇರಬಹುದು. ತಗ್ಗಿಸಬೇಕೆಂದಿರುವ ಬಂಡಿಯು ತಾನಾಗಿಯೇ ತಗ್ಗಿರುವುದುಂಟು.

ಎರಡನೆಯದಾಗಿ, ಪದ್ಮಿನಿಯ ಮುಂಗಡೆಯ ಸುರುಳಿಯು ತೋಳಿನ ಮೇಲೆ ಒಳಭಾಗದಲ್ಲಿ ಕೂತಿರುವುದರಿಂದ, ಸ್ಪ್ರಿಂಗು ಕುಗ್ಗುವುದಕ್ಕಿಂತ ಚಕ್ರವು ಹೆಚ್ಚು ಸರಿಯುತ್ತದೆ. ಸುರುಳಿಯು ತೋಳಿನ ನಟ್ಟನಡುವೆ ಇದ್ದರೆ ಅರ್ಧಂಗುಲ ಗಿಡ್ಡವಾದ ಸ್ಪ್ರಿಂಗೇ ಬಂಡಿಯನ್ನು ಒಂದಂಗುಲ ಇಳಿಸುವುದು. ಎಂತಲೇ ಮಾರುವವನನ್ನು “ಎಷ್ಟು ಗಿಡ್ಡ?” ಎಂದು ಕೇಳಬೇಡಿರಿ, “ಚಕ್ರದ ಬಳಿ ಎಷ್ಟು ಇಳಿಯುತ್ತದೆ, ಅಂಗುಲಕ್ಕೆ ಎಷ್ಟು ಪೌಂಡು ಬಿಗುಪು?” ಎಂದು ಕೇಳಿರಿ. ಕಣ್ಣಂದಾಜು ಇಲ್ಲಿ ನಡೆಯದು. ತಂತಿಯ ದಪ್ಪವು ನೂರಕ್ಕೆ ಐದರಷ್ಟು ಹೆಚ್ಚಿದರೆ, ಉಳಿದುದೆಲ್ಲ ಸಮವಾಗಿದ್ದರೂ, ಬಿಗುಪು ನೂರಕ್ಕೆ ಸುಮಾರು 21ರಷ್ಟು ಹೆಚ್ಚುತ್ತದೆ.

ಹಿಂಗಡೆ ಇರುವುದು ಪಟ್ಟಿ ಸ್ಪ್ರಿಂಗು. ಅದರ ಬಾಗನ್ನು ನುರಿತ ಕೆಲಸಗಾರನಿಂದ ಚಪ್ಪಟೆಗೊಳಿಸಿ ಕೂಡಿಸಬಹುದು. ಪಟ್ಟಿಗಳು ಅಚ್ಚಿನ ಕೆಳಗಿರುವ ಕಾರುಗಳಲ್ಲಿ, ಅಚ್ಚಿಗೂ ಪಟ್ಟಿಗೂ ನಡುವೆ ಉಕ್ಕಿನ ತುಂಡನ್ನಿಟ್ಟು ಉದ್ದನೆಯ ಯು-ಬೋಲ್ಟುಗಳಿಂದ ಬಿಗಿಯುವುದೂ ಉಂಟು. ಮುಂಗಡೆಯನ್ನು ಮಾತ್ರ ಇಳಿಸಿ ಹಿಂಗಡೆಯನ್ನು ಮರೆಯತಕ್ಕದ್ದಲ್ಲ.

ಬಿಗುಪು ಹೆಚ್ಚಿದ ಸ್ಪ್ರಿಂಗಿಗೆ ತಕ್ಕ ಶಾಕ್ ಅಬ್ಸಾರ್ಬರು ಅವಶ್ಯವು. ಇಲ್ಲವಾದರೆ ಬಂಡಿಯು ಚೆಂಡಿನಂತೆ ಪುಟಿಯುವುದು. ಎತ್ತರ ಬದಲಾದೊಡನೆ ಮುಂಚಕ್ರಗಳ ಓರೆಯೂ ಬದಲಾಗುವುದರಿಂದ ಅಲೈನ್‌ಮೆಂಟ್ ಮಾಡಿಸದಿದ್ದರೆ ಟಯರು ಒಂದೇ ಅಂಚಿನಲ್ಲಿ ಸವೆಯುತ್ತದೆ.

ಹೊರಗಿನ ರಸ್ತೆಯನ್ನೂ ನೆನೆಯಬೇಕು. ನಮ್ಮ ದೇಶದ ರಸ್ತೆ ಉಬ್ಬಿಗೆ ಗೊತ್ತುಮಾಡಿರುವ ಎತ್ತರವು 10 ಸೆಂಟಿಮೀಟರು. ಗೊತ್ತಿಲ್ಲದೆ ಎದ್ದಿರುವ ಉಬ್ಬುಗಳ ಮಾತೇ ಬೇರೆ. ತಯಾರಕರು ಗೊತ್ತುಮಾಡಿ ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಆದುದರಿಂದ ಕೈಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಪ್ರಶ್ನೆ ಕೇಳಿದ ಮಹಾಶಯರಿಗೆ ನಮ್ಮ ಸಲಹೆಯಿಷ್ಟೆ: ಎರಡಂಗುಲ ಬೇಡ; ಒಂದಂಗುಲದ ಒಳಗೆ ನಿಲ್ಲಿಸಿರಿ; ಕತ್ತರಿಸಿದ್ದಲ್ಲ, ಲೆಕ್ಕವಿಟ್ಟು ಮಾಡಿದ ಸ್ಪ್ರಿಂಗನ್ನೇ ಹಾಕಿಸಿರಿ; ಹಳೆಯ ಸ್ಪ್ರಿಂಗುಗಳನ್ನು ಎಣ್ಣೆ ಸವರಿ ಅಟ್ಟದ ಮೇಲೆ ಇರಿಸಿರಿ. ಅಳೆಯುವ ಕೆಲಸವನ್ನು ಮಗನ ಕೈಯಲ್ಲೇ ಮಾಡಿಸಿರಿ. ತಾತನ ಬಂಡಿಯನ್ನು ಅಳೆದು ತಿಳಿದವನು ಅದನ್ನು ಕೆಡಿಸಲಾರನು.