ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ?

“ಎಷ್ಟು ಕೊಡುತ್ತೆ?” ಪೆಟ್ರೋಲ್ ಗಾಡಿ ಕೊಳ್ಳುವಾಗ ಕೇಳುತ್ತಿದ್ದ ಮಾತನ್ನೇ ನಾವು ಎಲೆಕ್ಟ್ರಿಕ್ ಸ್ಕೂಟರಿನ ಶೋರೂಮಿನಲ್ಲೂ ಕೇಳುತ್ತೇವೆ. ನೂರಿಪ್ಪತ್ತು, ನೂರೈವತ್ತು ಕಿಲೋಮೀಟರ್ ಎಂಬ ಉತ್ತರ ಬರುತ್ತದೆ. ಗಾಡಿ ಮನೆಗೆ ಬಂದ ಮೇಲೆ ಅಷ್ಟು ಓಡುವುದಿಲ್ಲ. ಕಂಪನಿಯವರು ಟೋಪಿ ಹಾಕಿದರು ಎಂದು ಹಲವರು ಬೈದುಕೊಳ್ಳುತ್ತಾರೆ. ಆ ಸಂಖ್ಯೆ ಸುಳ್ಳೇನಲ್ಲ. ಅದು ಯಾವ ಲೆಕ್ಕದಿಂದ ಬಂತೆಂದು ಯಾರೂ ಬಿಡಿಸಿ ಹೇಳಿರುವುದಿಲ್ಲ, ಅಷ್ಟೆ.

ಲೆಕ್ಕ ಬ್ಯಾಟರಿಯಿಂದ ಶುರುವಾಗುತ್ತದೆ. ಬ್ಯಾಟರಿಯ ಸಾಮರ್ಥ್ಯವನ್ನು ಕಿಲೋವ್ಯಾಟ್ ಅವರ್‌ಗಳಲ್ಲಿ ಹೇಳುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ನಿಮ್ಮ ಕರೆಂಟ್ ಬಿಲ್ಲಿನಲ್ಲಿರುವ ಒಂದು ಯೂನಿಟ್ ಎಂದರೆ ಇದೇ. 3 ಕಿಲೋವ್ಯಾಟ್ ಅವರ್ ಬ್ಯಾಟರಿಯಲ್ಲಿ 3 ಯೂನಿಟ್ ಕರೆಂಟ್ ಹಿಡಿಯುತ್ತದೆ. ನಗರದ ಓಡಾಟದಲ್ಲಿ ಸ್ಕೂಟರ್ ಕಿಲೋಮೀಟರಿಗೆ ಸುಮಾರು 30ರಿಂದ 35 ವ್ಯಾಟ್ ಅವರ್ ತಿನ್ನುತ್ತದೆ, ಅಂದರೆ ಒಂದು ಯೂನಿಟ್ಟಿಗೆ ಮೂವತ್ತು ಕಿಲೋಮೀಟರ್ ಆಸುಪಾಸು. ಹಾಗಾಗಿ ಯಾವ ಜಾಹೀರಾತನ್ನೂ ನೋಡದೆ ಬ್ಯಾಟರಿಯ ಯೂನಿಟ್ಟನ್ನು ಮೂವತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ನಿಜವಾದ ಅಂದಾಜು ಸಿಗುತ್ತದೆ: 3 ಯೂನಿಟ್ಟಿನ ಗಾಡಿಗೆ 90 ಕಿಲೋಮೀಟರ್.

ಹಾಗಾದರೆ ಜಾಹೀರಾತಿನ ಸಂಖ್ಯೆ ದೊಡ್ಡದೇಕೆ? ಅದು ಪರೀಕ್ಷಾಲಯದಲ್ಲಿ, ಉರುಳುವ ಡ್ರಮ್ಮಿನ ಮೇಲೆ ಗಾಡಿ ಓಡಿಸಿ ಅಳೆದದ್ದು. ಇಂಡಿಯನ್ ಡ್ರೈವಿಂಗ್ ಸೈಕಲ್ ಎಂಬ ಆ ಪರೀಕ್ಷೆಯಲ್ಲಿ ವೇಗ ಗಂಟೆಗೆ 42 ಕಿಲೋಮೀಟರ್ ದಾಟುವುದಿಲ್ಲ. ರಸ್ತೆಯಲ್ಲಿ ವೇಗ ಏರಿದಂತೆ ಗಾಳಿಯ ಎದುರೊತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಲವತ್ತರಲ್ಲಿ ಹೋಗುವಾಗ ಎದೆಗೆ ತಾಗುವ ಗಾಳಿಗಿಂತ ಎಪ್ಪತ್ತರಲ್ಲಿ ತಾಗುವ ಗಾಳಿಯ ಬಲ ಮೂರು ಪಟ್ಟು. ತುಮಕೂರು ರಸ್ತೆಯ ಫ್ಲೈಓವರ್ ಹತ್ತಿ ಆಕ್ಸಿಲರೇಟರ್ ತಿರುವಿದಾಗ ಡಿಸ್‌ಪ್ಲೇಯಲ್ಲಿನ ಶೇಕಡಾವಾರು ಕಣ್ಣೆದುರೇ ಇಳಿಯುವುದು ಇದರಿಂದ. ಪೆಟ್ರೋಲ್ ಗಾಡಿಗಳು ನಗರದ ಟ್ರಾಫಿಕ್ಕಿನಲ್ಲಿ ಮೈಲೇಜ್ ಕಳೆದುಕೊಂಡರೆ, ಎಲೆಕ್ಟ್ರಿಕ್ ಗಾಡಿ ಹೈವೇಯಲ್ಲಿ ಕಳೆದುಕೊಳ್ಳುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಅದರ ಮೋಟಾರ್ ಏನನ್ನೂ ಸುಡುವುದಿಲ್ಲ.

ಏರು ಹತ್ತುವುದು ಇನ್ನೊಂದು ಖರ್ಚು. ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ನಂದಿಬೆಟ್ಟದ ತುದಿ 1,478 ಮೀಟರ್. ಗಾಡಿ ಮತ್ತು ಇಬ್ಬರು ಸವಾರರು ಸೇರಿ 250 ಕೆ.ಜಿ. ಎಂದುಕೊಂಡರೆ, ಅಷ್ಟು ಭಾರವನ್ನು 550 ಮೀಟರ್ ಮೇಲೆತ್ತಲು ಮೋಟಾರಿನ ನಷ್ಟವೂ ಸೇರಿ ಅರ್ಧ ಯೂನಿಟ್ಟಿನಷ್ಟು ಕರೆಂಟ್ ಬೇಕು. ಸಪಾಟು ರಸ್ತೆಯಲ್ಲಿ ಅದು ಹದಿನೈದು ಕಿಲೋಮೀಟರಿಗೆ ಸಾಕಾಗುತ್ತಿತ್ತು. ನಗರದಿಂದ ಅಲ್ಲಿಗೆ ಅರವತ್ತು ಕಿಲೋಮೀಟರ್. ಹೋಗಿ ಬರುವುದು ನೂರಿಪ್ಪತ್ತು. 3 ಯೂನಿಟ್ಟಿನ ಗಾಡಿಯಲ್ಲಿ ಮಧ್ಯೆ ಎಲ್ಲೂ ಚಾರ್ಜ್ ಮಾಡದೆ ನಂದಿಯ ಸೂರ್ಯೋದಯ ನೋಡಿ ಬರುತ್ತೇನೆ ಎನ್ನುವವರು ಹೊರಡುವ ಮೊದಲು ಈ ಲೆಕ್ಕ ಮಾಡುವುದು ಒಳ್ಳೆಯದು.

ಇಳಿಜಾರಿನಲ್ಲಿ ಸ್ವಲ್ಪ ವಾಪಸ್ ಬರುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಚಕ್ರವೇ ಮೋಟಾರನ್ನು ತಿರುಗಿಸಿ ಅದನ್ನು ಡೈನಮೋ ಆಗಿಸುತ್ತದೆ, ಹುಟ್ಟಿದ ಕರೆಂಟ್ ಬ್ಯಾಟರಿಗೆ ಸೇರುತ್ತದೆ, ಗಾಡಿಯ ವೇಗವೂ ತಗ್ಗುತ್ತದೆ. ರೀಜೆನ್ ಎನ್ನುವುದು ಇದನ್ನೇ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಬಂದ ಕರೆಂಟಿಗೆ ಜಾಗವಿರುವುದಿಲ್ಲ, ಆಗ ಈ ತಡೆ ಸಿಗುವುದಿಲ್ಲ. ಮಡಿಕೇರಿಯಂಥ ಊರಿನಲ್ಲಿ ದಿಣ್ಣೆಯ ಮೇಲೆ ಮನೆ ಇದ್ದು, ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಿಗ್ಗೆ ನೇರ ಇಳಿಜಾರಿಗೆ ಇಳಿಯುವವರು ನಿನ್ನೆಯಂತೆ ಇಂದು ಗಾಡಿ ಹಿಡಿಯುತ್ತಿಲ್ಲವಲ್ಲ ಎಂದು ಬೆದರುವುದುಂಟು. ಅಂಥವರು ತೊಂಬತ್ತಕ್ಕೇ ಚಾರ್ಜಿಂಗ್ ನಿಲ್ಲಿಸಿದರೆ ಸಾಕು.

ಇನ್ನು ಚಾರ್ಜಿಂಗ್. ಮನೆಗೆ ಕೊಡುವ ಸಾಧಾರಣ ಚಾರ್ಜರ್ ಮುಕ್ಕಾಲು ಕಿಲೋವ್ಯಾಟ್ ಆಸುಪಾಸಿನದು. ಅದು ಎಳೆಯುವ ಕರೆಂಟ್ ಸುಮಾರು ಮೂರೂಕಾಲು ಆಂಪಿಯರ್, ಮಿಕ್ಸಿ ಹಾಕುವ ಪ್ಲಗ್ಗೇ ಸಾಕು. ಒಂದೂಕಾಲು ಕಿಲೋವ್ಯಾಟ್ ದಾಟಿದ ಚಾರ್ಜರಿಗೆ ಮಾತ್ರ ಗೀಸರಿಗೆ ಹಾಕಿಸುವಂಥ 16 ಆಂಪಿಯರಿನ ಪವರ್ ಪ್ಲಗ್ ಬೇಕು. ಖಾಲಿ ಬ್ಯಾಟರಿ ತುಂಬಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಎಂಬತ್ತರವರೆಗೆ ಸರಸರನೆ ಏರಿದ ಸಂಖ್ಯೆ ಕೊನೆಯ ಇಪ್ಪತ್ತಕ್ಕೆ ತೆವಳುತ್ತದೆ. ಖಾಲಿ ಬಸ್ಸು ಹತ್ತಿದವರಿಗೆ ತಕ್ಷಣ ಸೀಟು, ಬಸ್ಸು ತುಂಬಿದ ಮೇಲೆ ಬಂದವರು ಜಾಗ ಹುಡುಕುತ್ತಾ ನಿಧಾನಕ್ಕೆ ಒಳಸರಿಯಬೇಕು. ಬ್ಯಾಟರಿಯೊಳಗೆ ಲಿಥಿಯಂ ಕಣಗಳ ಪಾಡೂ ಹಾಗೆಯೇ. ನೂಕಿದರೆ ಸೆಲ್ ಕೆಡುತ್ತದೆ, ಆದ್ದರಿಂದ ಚಾರ್ಜರೇ ಕೈ ಬಿಗಿಹಿಡಿಯುತ್ತದೆ.

ಪ್ಲಗ್ಗಿನಲ್ಲಿ ನೋಡಬೇಕಾದದ್ದು ಅರ್ಥಿಂಗ್. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇರುವುದಿಲ್ಲ. ಫ್ಯಾನು, ಟಿ.ವಿ. ಹಾಕಿದರೆ ಇದು ಗೊತ್ತಾಗುವುದಿಲ್ಲ. ಸ್ಕೂಟರಿನ ಚಾರ್ಜರ್ ಸಿಕ್ಕಿಸಿದ ಕೂಡಲೇ ಕೆಂಪು ದೀಪ ಹತ್ತಿ ಚಾರ್ಜ್ ಆಗಲೊಲ್ಲದು. ಗಾಡಿ ಕೆಟ್ಟಿದೆ ಎಂದು ಸರ್ವಿಸ್ ಸೆಂಟರಿಗೆ ಫೋನ್ ಮಾಡುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ. ಕಿಟಕಿಯಿಂದ ಇಳಿಬಿಟ್ಟ ಅಗ್ಗದ ಎಕ್ಸ್‌ಟೆನ್ಶನ್ ವೈರಿನಲ್ಲಿ ರಾತ್ರಿಯಿಡೀ ಚಾರ್ಜ್ ಮಾಡುವುದಂತೂ ಬೇಡವೇ ಬೇಡ. ತೆಳು ತಂತಿ ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ.

ಹೊರಗೆ ಫಾಸ್ಟ್ ಚಾರ್ಜಿಂಗ್ ಇದೆಯಲ್ಲ ಎನ್ನಬಹುದು. ಇದೆ, ಆದರೆ ಎಲ್ಲರ ಮೂತಿಯೂ ಒಂದೇ ಅಲ್ಲ. ಬೆಂಗಳೂರಿನ ಏಥರ್ ಕಂಪನಿ ರೂಪಿಸಿದ ಕನೆಕ್ಟರ್‌ಗೆ 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಮಾನ್ಯತೆ ಕೊಟ್ಟಿತು, ಹೀರೋದ ವಿಡಾ ಕೂಡ ಅದನ್ನೇ ಬಳಸುತ್ತದೆ. ಉಳಿದ ಕೆಲವರದ್ದು ಅವರವರದೇ ದಾರಿ. ಕಾರುಗಳ ಸ್ಟೇಷನ್ ಕಂಡಲ್ಲೆಲ್ಲ ಸ್ಕೂಟರ್ ಚಾರ್ಜ್ ಮಾಡಬಹುದು ಎಂದು ನಂಬಿ ಹೊರಡಬಾರದು.

ಖರ್ಚಿನ ವಿಷಯಕ್ಕೆ ಬರೋಣ. 3 ಯೂನಿಟ್ ತುಂಬಿಸಲು ಮೀಟರಿನಲ್ಲಿ ಸುಮಾರು 3.4 ಯೂನಿಟ್ ಓಡುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 90 ಕಿಲೋಮೀಟರಿಗೆ 20 ರೂಪಾಯಿ. ಪೆಟ್ರೋಲ್ ಲೀಟರಿಗೆ ನೂರು ದಾಟಿರುವಾಗ, 45 ಮೈಲೇಜ್ ಕೊಡುವ ಸ್ಕೂಟರಿಗೆ ಅದೇ ದೂರಕ್ಕೆ 200 ರೂಪಾಯಿಗಿಂತ ಹೆಚ್ಚು ಬೇಕು. ತಿಂಗಳಿಗೆ 750 ಕಿಲೋಮೀಟರ್ ಓಡಿಸುವವರಿಗೆ ಉಳಿತಾಯ ಸುಮಾರು 1,500 ರೂಪಾಯಿ. ಆದರೆ ನಮ್ಮ ರಾಜ್ಯದಲ್ಲಿ ಇದಕ್ಕೊಂದು ಕೊಕ್ಕೆ ಇದೆ. ಗೃಹಜ್ಯೋತಿಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಉಚಿತದ ಮಿತಿ ಕಟ್ಟಿದ್ದಾರೆ. ಅದನ್ನು ಮೀರಿದರೆ ಮೀರಿದ್ದಕ್ಕೆ ದುಡ್ಡು, ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲಿಗೇ ದುಡ್ಡು. ಮೇಲಿನ ಸವಾರನ ಸ್ಕೂಟರ್ ತಿಂಗಳಿಗೆ 28 ಯೂನಿಟ್ ಕುಡಿಯುತ್ತದೆ. ಮನೆಯಲ್ಲಿ 120 ಯೂನಿಟ್ ಉರಿಯುತ್ತಿದ್ದರೆ ನೂರು ರೂಪಾಯಿ ಆಸುಪಾಸಿನಲ್ಲಿ ಮುಗಿಯಿತು. 180 ಉರಿಯುತ್ತಿದ್ದರೆ ಸೊನ್ನೆ ಬರುತ್ತಿದ್ದ ಬಿಲ್ಲು ಒಮ್ಮೆಗೇ ಸಾವಿರದ ಇನ್ನೂರು ದಾಟುತ್ತದೆ, ನಿಗದಿತ ಶುಲ್ಕ ಬೇರೆ. ಉಳಿತಾಯದ ಬಹುಪಾಲು ಅಲ್ಲೇ ಕರಗಿತು. ಇದನ್ನು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ.

ಗಾಡಿಯಲ್ಲಿ ಅತಿ ದುಬಾರಿ ಭಾಗ ಬ್ಯಾಟರಿ. ಬದಲಿಸಬೇಕಾಗಿ ಬಂದರೆ ಅರ್ಧ ಲಕ್ಷ ರೂಪಾಯಿ ದಾಟಬಹುದು. ಹೀಗಾಗಿ ಬಣ್ಣ, ಸ್ಕ್ರೀನಿಗಿಂತ ಮೊದಲು ವಾರಂಟಿಯ ಕಾಗದ ಓದಬೇಕು. ಎಷ್ಟು ವರ್ಷ, ಎಷ್ಟು ಕಿಲೋಮೀಟರ್ ಎನ್ನುವುದರ ಜೊತೆಗೆ, ಸಾಮರ್ಥ್ಯ ಶೇಕಡಾ ಎಷ್ಟಕ್ಕಿಂತ ಕೆಳಗೆ ಇಳಿದರೆ ಬದಲಿಸಿಕೊಡುತ್ತಾರೆ ಎಂಬುದೂ ಅಲ್ಲಿರುತ್ತದೆ. ಲಿಥಿಯಂ ಬ್ಯಾಟರಿಯ ದೊಡ್ಡ ಶತ್ರು ಶಾಖ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ದಿನವಿಡೀ ನಿಂತ ಗಾಡಿ, ಶಿವಮೊಗ್ಗದ ಮರದ ನೆರಳಲ್ಲಿ ನಿಂತ ಗಾಡಿಗಿಂತ ಬೇಗ ಮುಪ್ಪಾಗುತ್ತದೆ. ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕದೆ ಅರ್ಧ ಗಂಟೆ ಆರಲು ಬಿಡುವುದು, ತಿಂಗಳುಗಟ್ಟಲೆ ಊರಿಗೆ ಹೋಗುವಾಗ ಅರ್ಧದಷ್ಟು ಚಾರ್ಜ್ ಉಳಿಸಿ ಹೋಗುವುದು, ಇವೆರಡು ರೂಢಿಯಾದರೆ ಸಾಕು. ಇನ್ನೊಂದು ಚಿಕ್ಕ ವಿಷಯ: ಎಷ್ಟೋ ಮಾಡೆಲ್‌ಗಳಲ್ಲಿ ದೀಪ, ಲಾಕು, ಸ್ಕ್ರೀನಿಗೆಂದು 12 ವೋಲ್ಟಿನ ಪುಟ್ಟ ಬ್ಯಾಟರಿ ಬೇರೆ ಇರುತ್ತದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಕಣ್ಣು ಬಿಡುವುದಿಲ್ಲ.

ಬೆಂಕಿಯ ಭಯ ಸುಮ್ಮನೆ ಹುಟ್ಟಿದ್ದಲ್ಲ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳು ಹೊತ್ತಿ ಉರಿದವು. ಆ ಬಳಿಕ ಕೇಂದ್ರ ಸರ್ಕಾರ ಎಐಎಸ್ 156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿ ಮಾಡಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಯಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಒಂದು ಸೆಲ್ ಬಿಸಿಯೇರಿದರೆ ಅದು ಪಕ್ಕದ್ದಕ್ಕೆ ಹಬ್ಬದಂತೆ ತಡೆಯುವುದು ಇದರ ಮುಖ್ಯ ಉದ್ದೇಶಗಳಲ್ಲೊಂದು. ಹಳೆಯ ಗಾಡಿ ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವವರು ತಯಾರಾದ ತಿಂಗಳು ನೋಡುವುದು ಇದಕ್ಕಾಗಿ. ಮಳೆಯ ವಿಷಯದಲ್ಲಿ ಅಷ್ಟು ಹೆದರಬೇಕಿಲ್ಲ. ಐಪಿ 67 ಎಂದು ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ಪರೀಕ್ಷಿಸಿದ್ದಾರೆ ಎಂದರ್ಥ. ಬೆಳ್ಳಂದೂರಿನ ಬೇಸ್‌ಮೆಂಟಿನಲ್ಲಿ ಇಡೀ ರಾತ್ರಿ ಮುಳುಗಿದ ಗಾಡಿಗೆ ಆ ಭರವಸೆ ಅನ್ವಯಿಸದು. ಅದನ್ನು ಚಾಲೂ ಮಾಡದೆ ಎತ್ತಿಸಿಕೊಂಡು ಹೋಗಬೇಕು.

ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ ಎಂದು ಮಾರುವ ಗಾಡಿಗಳೂ ಇವೆ. ಮೋಟಾರ್ 250 ವ್ಯಾಟ್ ಮೀರದೆ, ವೇಗ ಗಂಟೆಗೆ 25 ಕಿಲೋಮೀಟರ್ ದಾಟದಿದ್ದರೆ ಕಾನೂನು ಅದನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಹಾಲಿನ ಬೂತು, ಮಕ್ಕಳ ಶಾಲೆಗೆ ಅದು ಅಡ್ಡಿಯಿಲ್ಲ. ಆದರೆ ಒಂದು ವೈರ್ ಕಿತ್ತರೆ ನಲವತ್ತರಲ್ಲಿ ಓಡುತ್ತದೆ ಎಂದು ಅಂಗಡಿಯವನು ಕಣ್ಣು ಮಿಟುಕಿಸಿದರೆ ಎದ್ದು ಬನ್ನಿ. ವೈರ್ ಕಿತ್ತ ಕ್ಷಣದಿಂದ ಅದು ನೋಂದಣಿ, ವಿಮೆ ಇಲ್ಲದ ಮೋಟಾರು ವಾಹನ, ಅಪಘಾತವಾದರೆ ಪೂರ್ತಿ ಹೊಣೆ ಸವಾರನ ತಲೆಗೆ.

ಓಡಿಸುವುದರಲ್ಲಿ ಕಲಿಯಬೇಕಾದ್ದು ಕಡಿಮೆ. ಸದ್ದಿಲ್ಲದಿರುವುದೇ ಎಚ್ಚರದ ಸಂಗತಿ. ಹಿಂದಿನಿಂದ ಬರುವ ಗಾಡಿಯನ್ನು ಕಿವಿಯಿಂದಲೇ ಅಳೆದು ರಸ್ತೆ ದಾಟುವ ಹಿರಿಯರಿಗೆ ನೀವು ಬಂದದ್ದು ತಿಳಿಯುವುದಿಲ್ಲ. ಗಾಡಿ ಆನ್ ಇದೆ ಎಂಬುದೇ ಮರೆತು, ಕೆಳಗಿಳಿದು ತಳ್ಳುವಾಗ ಆಕ್ಸಿಲರೇಟರ್ ಹಿಡಿದು ಎಳೆದವರೂ ಇದ್ದಾರೆ.

ಈವರೆಗೆ ಹೇಳಿದ್ದರಲ್ಲಿ ಬಹುತೇಕ ತೊಡಕುಗಳು ಒಂದೇ ಕಡೆ ಬಂದು ಸೇರುತ್ತವೆ. ಸ್ವಂತ ಮನೆ, ಅಂಗಳದಲ್ಲಿ ಅರ್ಥಿಂಗ್ ಇರುವ ಪ್ಲಗ್ ಇದ್ದವರಿಗೆ ದಿನಕ್ಕೆ ಮೂವತ್ತು ಕಿಲೋಮೀಟರ್ ಓಡಾಡಲು 90ರ ರೇಂಜ್ ಧಾರಾಳ. 150ರ ಗಾಡಿಗೆ ಹೆಚ್ಚು ದುಡ್ಡು ಸುರಿಯಬೇಕಿಲ್ಲ. ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದು ರಸ್ತೆ ಬದಿ ಗಾಡಿ ನಿಲ್ಲಿಸುವವರಿಗೆ 150 ಇದ್ದರೂ ನಾಲ್ಕನೇ ದಿನಕ್ಕೆ ಅದೇ ತಲೆಬಿಸಿ. ಬ್ಯಾಟರಿ ಬಿಚ್ಚಿ ಒಳಗೊಯ್ಯುವ ಮಾಡೆಲ್‌ಗಳಿವೆ, ಆದರೆ ಹತ್ತು ಕೆ.ಜಿ. ಆಸುಪಾಸಿನ ಬ್ಯಾಟರಿಯನ್ನು ದಿನಾ ಮೆಟ್ಟಿಲು ಹತ್ತಿಸಬೇಕು. 2025ರಲ್ಲಿ ಬಂದ ಹೋಂಡಾದ ಆಕ್ಟಿವಾ ಇ ಮಾದರಿಯಂತೆ ಸ್ಟೇಷನ್ನಿನಲ್ಲಿ ಬ್ಯಾಟರಿ ಅದಲು ಬದಲು ಮಾಡಿಕೊಳ್ಳುವುದಾದರೆ, ಆ ಸ್ಟೇಷನ್ ನಿಮ್ಮ ದಾರಿಯಲ್ಲೇ ಇರಬೇಕು.

ಕೇಂದ್ರದ ಸಬ್ಸಿಡಿ 2021ರಲ್ಲಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿ ಇದ್ದದ್ದು 2023ರಲ್ಲಿ 10,000ಕ್ಕೆ, 2024ರಲ್ಲಿ 5,000ಕ್ಕೆ, 2025ರ ಏಪ್ರಿಲ್‌ನಿಂದ 2,500ಕ್ಕೆ ಇಳಿಯಿತು. ಇದಕ್ಕಾಗಿ ಹಲವರು ಮರುಗುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಕೊರತೆಯಾಗಿ ಕಾಣುವುದು ಬಾಡಿಗೆದಾರನಿಗೆ ಪಾರ್ಕಿಂಗ್ ಜಾಗದಲ್ಲಿ ಒಂದು ಪ್ಲಗ್ ಇಲ್ಲದಿರುವುದು. ಇರುವ ವಿದ್ಯುತ್ ಸಂಪರ್ಕದಿಂದಲೇ ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳಬಹುದೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ, ಆದರೆ ಮೀಟರ್ ಓನರ್ ಹೆಸರಿನಲ್ಲಿರುತ್ತದೆ, ಅಸೋಸಿಯೇಷನ್ನಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಂಕಿಯ ವಿಡಿಯೊ ಓಡಾಡುತ್ತಿರುತ್ತದೆ. ಒಂದು ಸಾಕೆಟ್, ಒಂದು ಎಂಸಿಬಿ, ಓಡಿದಷ್ಟಕ್ಕೆ ಹಣ ಕೊಡಲು ಒಂದು ಸಬ್ ಮೀಟರ್, ಇಷ್ಟಕ್ಕೆ ಕೆಲವೇ ಸಾವಿರ ರೂಪಾಯಿ ಸಾಕು. 2017ರಲ್ಲೇ ದೇಶಕ್ಕೆ ಮೊದಲಾಗಿ ವಿದ್ಯುತ್ ವಾಹನ ನೀತಿ ತಂದ ರಾಜ್ಯ, ಹೊಸ ಕಟ್ಟಡಗಳ ಪಾರ್ಕಿಂಗಿನಲ್ಲಿ ಪ್ರತಿ ಮನೆಗೊಂದು ಪ್ಲಗ್ ಕಡ್ಡಾಯ ಮಾಡಿ, ಹಳೆಯ ಕಟ್ಟಡಗಳ ಮಾಲೀಕರಿಗೆ ಈ ಖರ್ಚಿನಲ್ಲಿ ಪಾಲು ಕೊಡಬಹುದು. ಅದು ಆಗುವತನಕ ಬಾಡಿಗೆದಾರರು ಬುಕಿಂಗ್ ಮುಂಗಡ ಕಟ್ಟುವ ಮೊದಲು ಓನರ್ ಹತ್ತಿರ ಹೋಗಿ ಪ್ಲಗ್ಗಿನ ಮಾತು ಆಡಿ, ಒಪ್ಪಿಗೆಯನ್ನು ಬಾಡಿಗೆ ಕರಾರಿನಲ್ಲೇ ಬರೆಸಿಕೊಳ್ಳುವುದು ಮೇಲು. ಅವರು ಆಗದು ಎಂದರೆ, ಸದ್ಯಕ್ಕೆ ಪೆಟ್ರೋಲ್ ಗಾಡಿಯನ್ನೇ ಇನ್ನೆರಡು ವರ್ಷ ಓಡಿಸುವುದರಲ್ಲಿ ತಪ್ಪೇನಿಲ್ಲ.